ಮಲ್ಪೆಯ ಬಂಡೆಯ ನೆಗೆಟಿವ್

ನಿನ್ನ ಚಿತ್ರಕ್ಕೆ ನನ್ನ ಹೆಸರು ಹಾಕಿಕೊಂಡೆ, ಈರಪ್ಪ. ಗೊತ್ತಿದ್ದೇ ಹಾಕಿಕೊಂಡೆನೋ, ಗೊತ್ತಿಲ್ಲದೆಯೋ — ಇದನ್ನು ಮಾತ್ರ ಇವತ್ತಿಗೂ ಖಚಿತವಾಗಿ ಹೇಳಲಾರೆ. ನೆನಪನ್ನು ಸಾಕ್ಷಿಯೆಂದು ಒಪ್ಪಬಾರದು ಎಂದು ಎಂ.ಎ. ತರಗತಿಯಲ್ಲಿ ಕಲಿತವನು ನಾನು. ಆ ಪಾಠ ನನಗೆ ಎಷ್ಟು ಅನುಕೂಲವಾಯಿತೆಂದರೆ — ಥೂ.

ತೊಂಬತ್ತೆಂಟರಲ್ಲಿ ನಾವಿಬ್ಬರೂ ಮಲ್ಪೆಗೆ ಹೋದೆವು. ಕ್ಯಾಮೆರಾ ಒಂದೇ: ಮರದ ಪೆಟ್ಟಿಗೆ, ಕರಿ ಬಟ್ಟೆಯೊಳಗೆ ತಲೆ ತೂರಿಸಿ ತಲೆಕೆಳಗಾದ ಸಮುದ್ರವನ್ನು ನೋಡಬೇಕು. ಅಂಗೈಯಗಲದ ಫಿಲ್ಮ್ ಹಾಳೆ ತುಂಬುವ ಹೋಲ್ಡರುಗಳು ಮಾತ್ರ ಇಬ್ಬರವೂ ಬೇರೆ. ಇಳಿತದ ಹೊತ್ತಿನಲ್ಲಿ ಒಂದೇ ಬಂಡೆಯನ್ನು ಸರದಿಯಂತೆ ನೀನೊಮ್ಮೆ ತೆಗೆದೆ, ನಾನೊಮ್ಮೆ ತೆಗೆದೆ. ತೆಗೆದ ಮೇಲೆ ಫಿಲ್ಮ್ ಮುಚ್ಚುವ ಸ್ಲೈಡನ್ನು ಕರಿ ಬದಿ ಹೊರಗೆ ಬರುವಂತೆ ತಿರುಗಿಸಿ ಹಾಕಬೇಕು. ಮರೆತರೆ ಮುಂದಿನ ಸರದಿಯಲ್ಲಿ ಅದೇ ಹಾಳೆಯ ಮೇಲೆ ಮತ್ತೊಂದು ಚಿತ್ರ ಬೀಳುತ್ತದೆ.

ಯಡಿಯೂರಿನ ನಮ್ಮ ಬಚ್ಚಲಲ್ಲಿ, ಕಾವೇರಿ ನೀರು ಬರುವ ದಿನ ನೋಡಿಕೊಂಡು, ನಾನೊಬ್ಬನೇ ಡೆವಲಪ್ ಮಾಡಿದೆ. ಒಂದು ಹಾಳೆಯಲ್ಲಿ ಬಂಡೆ, ಹೊಗೆಯಂತೆ ಹರಡಿದ ಅಲೆ — ಅಂಥ ಚಿತ್ರ ಅದುವರೆಗೆ ನಮ್ಮಿಬ್ಬರಿಗೂ ಬಂದಿರಲಿಲ್ಲ. ಇನ್ನೊಂದರಲ್ಲಿ ಒಂದರ ಮೇಲೊಂದು ಎರಡು ದಿಗಂತ. ಎರಡನ್ನೂ ಬಟ್ಟೆ ಹಗ್ಗಕ್ಕೆ ಸಿಕ್ಕಿಸಿದೆ. ಯಾವುದು ಯಾರದೆಂದು ನೋಡಿದೆನೇ? ನೋಡಿದ ನೆನಪಿಲ್ಲ. ನೋಡಲಿಲ್ಲವೆಂಬ ನೆನಪೂ ಇಲ್ಲ.

ಅಷ್ಟರಲ್ಲಿ, ಆಫೀಸ್ ಕೆಲಸಕ್ಕೆಂದು ಸುದ್ದಗುಂಟೆಪಾಳ್ಯದಲ್ಲಿ ಹಿಡಿದಿದ್ದ ರೂಮಿನಿಂದ ನೀನು ಬಂದೆ.

"ನಿಂದು ಹಾಳಾಯ್ತು ಗುರು. ಸ್ಲೈಡ್ ತಿರುಗಿಸೋದು ಮರ್ತಿದ್ದೀಯ," ಎಂದೆ ನಾನು.

"ಕರಿ ಬದಿ ಹೊರಗ ಮಾಡಿದ್ನಲ್ಲೊ."

"ಮಾಡಿದ್ರೆ ಹಿಂಗಾಗ್ತಿತ್ತಾ? ಆಫೀಸ್ ಫೈಲ್ ಅಲ್ಲ ಮಗಾ ಇದು."

ನೀನು ನಕ್ಕೆ. "ಹೌದ ಬಿಡು. ನನ್ನ ಕೈಗೆ ಫೈಲ ಛಲೋ."

ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ — ನಿನ್ನ ಮೇಲೂ. ಯಾಕೆ ಜಗಳ ಆಡಲಿಲ್ಲ? ಹಗ್ಗದಿಂದ ಕಿತ್ತು ಬೆಳಕಿಗೆ ಹಿಡಿಯಲು ಏನಾಗಿತ್ತು ನಿನಗೆ? ಜಯನಗರದ ಪ್ರದರ್ಶನದಲ್ಲಿ ನನ್ನ ಹೆಸರಿನಲ್ಲಿ ತೂಗಿದ್ದ ಆ ಬಂಡೆಯ ಚಿತ್ರದ ಪಕ್ಕ ನಿಂತು, ಬಂದವರಿಗೆಲ್ಲ "ನಮ್ಮ ದೋಸ್ತ ತಗದಾನ್ರಿ" ಎಂದೆಯಲ್ಲ — ಯಾಕೆ? ಮರುವಾರ ನಿನ್ನ ಹೋಲ್ಡರುಗಳನ್ನೂ ನನಗೇ ಕೊಟ್ಟು ಹೋದೆ. ಆಮೇಲೆ ನೀನು ಒಂದೇ ಒಂದು ಚಿತ್ರ ತೆಗೆಯಲಿಲ್ಲ. ನಾನು ತಡೆಯಲಿಲ್ಲ. ಅದರಲ್ಲಿ ಅನುಮಾನವಿಲ್ಲ, ಅದು ಚೆನ್ನಾಗಿ ನೆನಪಿದೆ.

ಇಲ್ಲ, ನಿನ್ನ ಮೇಲಿನ ಸಿಟ್ಟೂ ನೆಪವೇ. ಸಿಟ್ಟು ಯಾರ ಮೇಲೆ ಎಂದು —

ಹತ್ತು ವರ್ಷ ಬಂಡೆಯ ಆ ನೆಗೆಟಿವ್ ಲಕೋಟೆಯಲ್ಲೇ ಇತ್ತು. ಕಳೆದ ವಾರ ತೆಗೆದೆ. ಹೋಲ್ಡರುಗಳು ಅದಲುಬದಲಾಗದಿರಲೆಂದು ಅವುಗಳ ಒಳ ಅಂಚನ್ನು ಅರದಿಂದ ಉಜ್ಜಿ ನಾವು ಕಚ್ಚು ಮಾಡಿದ್ದೆವು — ನನ್ನದಕ್ಕೆ ಒಂದು, ನಿನ್ನದಕ್ಕೆ ಎರಡು. ಫಿಲ್ಮಿನ ಅಂಚಿನಲ್ಲಿ ಆ ಗುರುತು ಬೀಳುತ್ತದೆ. ಪ್ರದರ್ಶನಕ್ಕೆ ಪ್ರಿಂಟ್ ಹಾಕುವಾಗ ಆ ಅಂಚನ್ನು ಮುಚ್ಚಿದವನೂ ನಾನೇ. ಎಲ್ಲರೂ ಹಾಗೇ ಮಾಡುತ್ತಾರೆ ಎಂದುಕೊಂಡಿದ್ದೆ.

ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿದೆ. ಕಚ್ಚು ಎರಡಿವೆ.