ಕಳೆ ಕಿತ್ತ ಮೇಡಂ

ಬೆಳಿಗ್ಗೆ ನಾವು ಕಳೆ ಎಂದು ಕಿತ್ತು ಬೇಲಿ ಪಕ್ಕ ಎಸೆದಿದ್ದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿಸಿಯೂಟದ ಅಡುಗೆಯ ಮುನಿಯಮ್ಮ ಎಲೆ ಆರಿಸಿ ಸೆರಗಿಗೆ ತುಂಬಿಕೊಳ್ಳುತ್ತಿದ್ದರು. ಘಾಟಿ ಹತ್ತಿರದ ನಮ್ಮ ಶಾಲೆಯ ಆಟದ ಮೈದಾನದಲ್ಲಿ ಊರವರೂ ಮಕ್ಕಳೂ ಸೇರಿ ಕಲಿಯಲೆಂದು ತೋಟ ಮಾಡುತ್ತಿದ್ದೆವು. ಸೊಪ್ಪು ಬಿತ್ತಲು ನೆಲ ಹಸನು ಮಾಡಿಸಿದ ಹೆಮ್ಮೆ ನನ್ನದು.

“ಏನ್ ಮೇಡಂ, ಅಣ್ಣೆಸೊಪ್ಪು, ಗೋಣಿಸೊಪ್ಪು ಎಲ್ಲಾ ಕಿತ್ತಾಕ್ಬಿಟ್ಟು ಇನ್ಯಾವ ಸೊಪ್ಪು ಬೆಳೀತೀರಾ?” ಅಂದರು.

“ಪಾಲಕ್,” ಅಂದೆ, ದನಿ ತಗ್ಗಿಸಿ.

ಅಂದು ಮಧ್ಯಾಹ್ನ ಆ ಬೆರಕೆ ಸೊಪ್ಪಿನ ಸಾರಿಗೆ ಮಕ್ಕಳು ಎರಡೆರಡು ಸಲ ತಟ್ಟೆ ಒಡ್ಡಿದರು. ನಾನೂ ಒಡ್ಡಿದೆ.

ಈಗ ಶನಿವಾರದ ತೋಟದ ಪಾಠ ಮುನಿಯಮ್ಮನವರದು. ಸಸ್ಯಶಾಸ್ತ್ರ ಓದಿದ ನಾನು ಮಕ್ಕಳ ಸಾಲಿನಲ್ಲಿ ಕೂತು ಎಲೆ ಗುರುತಿಸುತ್ತೇನೆ. ಹೋದ ವಾರವೂ ಎರಡು ತಪ್ಪಿದವು.