ಮಾತಾಡದವಳಿಗೆ ಸಿಕ್ಕ ಕೆಲಸ

ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮ ಅವ್ವ ಇನ್ನೂ ಹೈಸ್ಕೂಲಿನಲ್ಲಿದ್ದಳು. ನಾನು ಶಿರಹಟ್ಟಿ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವಳು. ಬೆಟಗೇರಿಗೆ ಸೊಸೆಯಾಗಿ ಬಂದ ಮೇಲೆ ಮಗ್ಗಕ್ಕೆ ನೂಲು ಸುತ್ತಿಕೊಡುವುದು ಬಿಟ್ಟರೆ ಬೇರೆ ಕೆಲಸ ಮಾಡಿರಲಿಲ್ಲ. ಅಜ್ಜನ ಜಡ್ಡಿನಲ್ಲೇ ಮಗ್ಗವೂ ಹೋಗಿತ್ತು. ದುಡಿಯದೆ ಗತಿಯಿರಲಿಲ್ಲ, ಆದರೆ ಯಾರ ಮುಂದೆಯೂ ಹೋಗಿ ನಿಂತು ಕೆಲಸ ಕೇಳುವ ಬಾಯಿ ನನಗಿರಲಿಲ್ಲ.

ಕೇಳಿದವಳು ಪಕ್ಕದ ಮನೆಯ ಗೆಳತಿ. ಅವಳ ಗಂಡ ಮುಂಡರಗಿ ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದರು. ಗದಗದಲ್ಲಿ ಒಂದು ಆಫೀಸಿನಲ್ಲಿ ಹೆಣ್ಣುಮಗಳು ಬೇಕಂತೆ ಎಂದು ಅಂಗಡಿಗೆ ಬಂದ ಯಾರೋ ಹೇಳಿದ್ದರು. ಜನ ತಮ್ಮ ಉಳಿತಾಯವನ್ನು ಎಲ್ಲಿಡಬೇಕು, ವಿಮೆ ಎಂಥದ್ದು ಬೇಕು, ತಮ್ಮ ಹಿಂದೆ ಯಾರಿಗೆ ಏನು ಹೋಗಬೇಕು ಎಂದು ಕೇಳಿಕೊಂಡು ಬರುವ ಆಫೀಸು ಅದು. ಅವರು ಬ್ಯಾಂಕಿನವರಲ್ಲ, ಯಾವ ಕಂಪನಿಯ ಏಜೆಂಟರೂ ಅಲ್ಲ. ಸಲಹೆ ಕೊಟ್ಟು, ಅದಕ್ಕೆ ಫೀ ತೆಗೆದುಕೊಳ್ಳುವವರು.

"ಬರೇ ಮಾತಿಗೆ ರೊಕ್ಕ ತಗೊಂತಾರಂತಬೇ!" ಎಂದು ಗೆಳತಿ ನಕ್ಕಳು. "ಹಂಗಾದ್ರ ನಾ ಇಷ್ಟೊತ್ತಿಗೆ ಸಾಹುಕಾರ್ತಿ ಆಗಬೇಕಿತ್ತು. ಏಳು, ಸೀರಿ ಉಟ್ಕೋ, ನಾ ಬರ್ತೀನಿ ಜೋಡಿ."

ಮಹಡಿಯ ಮೇಲಿನ ಆಫೀಸಿನಲ್ಲಿ, ಅದನ್ನು ನಡೆಸುತ್ತಿದ್ದ ಸರ್ ನನ್ನನ್ನು ಕೇಳಿದ್ದಕ್ಕೆಲ್ಲ ಅವಳೇ ಉತ್ತರ ಕೊಟ್ಟಳು. ಓದು ಎಷ್ಟಾಗಿದೆ, ಮನೆಯಲ್ಲಿ ಯಾರಿದ್ದಾರೆ, ಎಷ್ಟು ಹೊತ್ತಿಗೆ ಬರಬಹುದು, ಎಲ್ಲವನ್ನೂ. ಕೊನೆಗೆ ಸರ್, "ನಾ ಕೇಳಾಕತ್ತಿದ್ದು ಅವರನ್ನರಿ," ಎಂದರು.

"ಅಕಿ ಮಾತಾಡಂಗಿಲ್ರಿ ಸರ್. ನಮ್ಮಿಬ್ಬರ ಮನಿ ನಡುವ ಒಂದು ಗ್ವಾಡಿ ಐತ್ರಿ. ಅಕಿಗಿಂತ ಆ ಗ್ವಾಡೀನ ನನ್ನ ಕೂಡ ಹೆಚ್ಚು ಮಾತಾಡತೈತಿ."

ನಾನು ನೆಲ ನೋಡುತ್ತ ಕುಳಿತೆ. ಕೆಲಸ ಕೈತಪ್ಪಿತು ಅಂದುಕೊಂಡೆ. ಆದರೆ ಸರ್ ನಗಲಿಲ್ಲ. ಮೊದಲಿದ್ದ ಹುಡುಗಿ ಒಬ್ಬರ ಮನೆಯ ವಿಷಯವನ್ನು ಹೊರಗೆ ಆಡಿದ್ದಕ್ಕೆ ಅಣ್ಣತಮ್ಮಂದಿರ ನಡುವೆ ಜಗಳವಾಗಿತ್ತಂತೆ. ಸರ್ ಕೋಣೆಗೂ ಬಾಗಿಲ ಬಳಿಯ ಮೇಜಿಗೂ ನಡುವೆ ಬರೀ ಪ್ಲೈವುಡ್ಡಿನ ಗೋಡೆ, ಒಳಗಿನದೆಲ್ಲ ಹೊರಗೆ ಕೇಳಿಸುತ್ತಿತ್ತು. "ಅಕ್ಕಾರ, ಇಲ್ಲಿ ಕೇಳಿದ್ದು ಇಲ್ಲೇ ಉಳೀಬೇಕು. ಹಡದವ್ವ ಬಂದು ಕೇಳಿದ್ರೂ ಹೇಳಬಾರದು. ಒಂದು ಮಾತು ಹೊರಗ ಹೋತಂದ್ರ ಈ ಆಫೀಸು ಉಳಿಯಂಗಿಲ್ಲ, ನಿಮ್ಮ ಕೆಲಸಾನೂ ಉಳಿಯಂಗಿಲ್ಲ. ಆಗತೈತೇನು?"

ನಾನು ತಲೆಯಾಡಿಸಿದೆ. ಹುಟ್ಟಿದಾಗಿನಿಂದ ಎಲ್ಲರೂ ಕೊರತೆ ಎಂದು ಆಡಿಕೊಂಡಿದ್ದಕ್ಕೆ ಅವತ್ತು ಕೆಲಸ ಸಿಕ್ಕಿತು. ಮೆಟ್ಟಿಲಿಳಿಯುವಾಗ ಗೆಳತಿ ನನ್ನ ಪಕ್ಕೆ ತಿವಿದು, "ನನಗರ ಹೇಳ್ತಿಯಿಲ್ಲೋ?" ಎಂದಳು. ಇಬ್ಬರೂ ನಕ್ಕೆವು.

ಬಂದವರನ್ನು ಕೂಡಿಸಿ ನೀರು ಕೊಡುವುದು, ಸರದಿಯಂತೆ ಒಳಗೆ ಕಳಿಸುವುದು, ಫೈಲು ತೆಗೆದುಕೊಡುವುದು ನನ್ನ ಕೆಲಸ. ಡಂಬಳದಿಂದ, ಯಳವತ್ತಿಯಿಂದ, ಲಕ್ಷ್ಮೇಶ್ವರದಿಂದ ಜನ ಬರುತ್ತಿದ್ದರು. ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಕೇಳಿದ್ದನ್ನು ಮರೆಯುವುದನ್ನೂ ನಾನು ಕಲಿತೆ.

ಶ್ರಾವಣದ ಒಂದು ಮಧ್ಯಾಹ್ನ ಗೆಳತಿಯ ಗಂಡ ಬಂದರು. ಕೈಯ ಎಣ್ಣೆ ಮಸಿಯನ್ನು ಚೆನ್ನಾಗಿ ತೊಳೆದುಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. ಏನೋ ಉಳಿತಾಯದ ಮಾತಿರಬೇಕು ಎಂದು ನಾನು ನೀರು ಕೊಟ್ಟು ಒಳಗೆ ಕಳಿಸಿದೆ. ಗೋಡೆಯ ಆಚೆ ಅವರು ಬಹಳ ಸಾವಕಾಶವಾಗಿ ಮಾತಾಡಿದರು. ಹೊಟ್ಟೆಯಲ್ಲಿ ಗಡ್ಡೆಯಿದೆ, ಹುಬ್ಬಳ್ಳಿಯ ಡಾಕ್ಟರು ಇನ್ನು ಕೆಲವೇ ತಿಂಗಳು ಅಂದಿದ್ದಾರೆ, ತನ್ನ ಹಿಂದೆ ಹೆಂಡತಿ ಯಾರ ಬಾಗಿಲಿಗೂ ಹೋಗದಂತೆ ಎಲ್ಲ ಸರಿ ಮಾಡಿಕೊಡಿ ಎಂದರು.

ಹೊರಗೆ ಬಂದು ನನ್ನ ಮೇಜಿನ ಹತ್ತಿರ ನಿಂತರು.

"ತಂಗೀ, ನೀ ಇಲ್ಲಿ ಅದಿ ಅಂತನ ಇಲ್ಲಿಗೆ ಬಂದೀನಿ. ತುಳಸಿ ಲಗ್ನ ಮುಗಿದ ಮ್ಯಾಲ ಮಗಳ ಮದುವಿ. ನಿನ್ನ ಗೆಳತಿಗೆ ಗೊತ್ತಾದ್ರ ಮದುವಿನ ನಿಲ್ಲಿಸಿಬಿಡ್ತಾಳ. ಮದುವಿ ಒಂದು ಆಗಲಿ. ಅಮ್ಯಾಲ ನಾನ ಹೇಳ್ತೀನಿ."

"ಹೂಂನ್ರಿ ಅಣ್ಣಾರ," ಎಂದೆ. ಅಷ್ಟೇ ಆದದ್ದು.

ಅಂದಿನಿಂದ ನನ್ನ ಮನೆಗೂ ಅವಳ ಮನೆಗೂ ನಡುವಿನ ಗೋಡೆ ನನಗೆ ಬೆಟ್ಟವಾಯಿತು. ಆಚೆ ಅವಳು ಗಂಡನನ್ನು ಬೈಯುವುದು ಕೇಳಿಸುತ್ತಿತ್ತು. ಒಂದು ಸಂಜೆ ತಡೆಯಲಾರದೆ, ಏನಾದರಾಗಲಿ ಹೇಳಿಬಿಡೋಣ ಎಂದು ಅವಳ ಹೊಸ್ತಿಲವರೆಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. "ಬಾರಬೇ, ನೋಡಿಲ್ಲಿ. ಅರ್ಧ ರೊಟ್ಟಿಗೆ ಕೈ ತೊಳಕೊಂಡು ಹೋದ್ರು. ಕೇಳಿದ್ರ ಪಿತ್ತ ಅಂತಾರ. ನನ್ನ ಕೈ ಅಡಗಿ ಸಾಕಾಗಿರಬೇಕು ಅವ್ರಿಗೆ," ಎಂದಳು. ಒಳಗೆ ಮಗಳ ಮದುವೆಯ ಸೀರೆಗಳು ಕಾಟಿನ ಮೇಲೆ ಹರಡಿದ್ದವು. ನಾನು ಹೆಪ್ಪಿಗೆ ಒಂದು ಚಮಚ ಮಜ್ಜಿಗೆ ಕೇಳಿ ತೆಗೆದುಕೊಂಡು ಮನೆಗೆ ಬಂದೆ. ನನ್ನ ಮನೆಯಲ್ಲಿ ಅವತ್ತು ಹಾಲೇ ಇರಲಿಲ್ಲ.

ಮದುವೆ ಲಕ್ಷ್ಮೇಶ್ವರದಲ್ಲಾಯಿತು. ಅಣ್ಣಾರು ಬೆಳಗಿನಿಂದ ಒಂದೇ ಕುರ್ಚಿಯಲ್ಲಿ ಕುಳಿತಿದ್ದರು. ಗೆಳತಿ ಎಲ್ಲರ ಮುಂದೆ, "ನೀವೇನು ಹೆಣ್ಣಿನ ಅಪ್ಪನೋ, ಬೀಗರ ಕಡೆ ಬಂದಾವ್ರೋ? ಏಳ್ರಿ, ಜನಾನ್ನ ಮಾತಾಡಸ್ರಿ!" ಎಂದಳು. ಅವರು, "ಊಟಕ್ಕ ಕರೀ, ಜಲ್ದಿ ಏಳ್ತೀನಿ," ಎಂದು ಎಲ್ಲರನ್ನೂ ನಗಿಸಿದರು. ನಗುತ್ತಲೇ ನನ್ನ ಕಡೆ ನೋಡಿದರು. ನಾನು ಅಡುಗೆಯವರ ಕಡೆ ಎದ್ದುಹೋದೆ.

ಮದುವೆಯಾದ ಮೇಲೆ ಅವರಿಗೆ ಹೇಳಲು ದಿನಗಳೇ ಸಿಗಲಿಲ್ಲ. ಒಮ್ಮೆಲೇ ಎಚ್ಚರ ತಪ್ಪಿತು. ಸಂಕ್ರಾಂತಿಗೆ ಮೊದಲೇ ಹೋಗಿಬಿಟ್ಟರು.

ಮೂರನೆಯ ದಿನ ಸರ್ ಅವಳನ್ನು ಮಾತಾಡಿಸಲು ಮನೆಗೆ ಬಂದರು. ನಾನೂ ಜೊತೆಗಿದ್ದೆ. ಸಮಾಧಾನಕ್ಕೆಂದು ಸರ್, "ನಿಮ್ಮ ಯಜಮಾನ್ರು ಎಲ್ಲಾ ಸರಿ ಮಾಡಿಟ್ಟು ಹೋಗ್ಯಾರ್ರಿ. ಶ್ರಾವಣದಾಗ ಬಂದು ಹೇಳಿದ್ರು," ಎಂದರು. ಮೂಲೆಯಲ್ಲಿ ಕುಳಿತಿದ್ದ ಗೆಳತಿ ತಲೆಯೆತ್ತಿದಳು. ಅವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು.

ಸರ್ ಹೋದ ಮೇಲೆ ಮೆಲ್ಲಗೆ ಕೇಳಿದಳು. "ಶ್ರಾವಣದಿಂದ ನಿನಗ ಖಬರ ಇತ್ತಾ?"

ನನ್ನ ಮುಖದಲ್ಲೇ ಅವಳಿಗೆ ಉತ್ತರ ಸಿಕ್ಕಿತು.

"ಅವ್ರಿಗೆ ನಾ ಬೈಯೋದನ್ನ ದಿನಾ ಕೇಳಿಕೋತ ಕುಂತಿದ್ದಿ. ಗೊತ್ತಿದ್ರ ಆ ನಾಕು ದಿನ ಅವರ ಬಾಜೂಕ ಸುಮ್ಮನ ಕುಂದರ್ತಿದ್ನೆಲ್ಲೋ."

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಓಣಿಯವರೇ ಉಣ್ಣಲು ಒಯ್ಯುತ್ತಾರೆ. ನಾನೂ ರೊಟ್ಟಿ, ಬೇಳೆಪಲ್ಯ ಕಟ್ಟಿಕೊಂಡು ಒಯ್ದಿಟ್ಟೆ. ಸಂಜೆ ಅವಳ ಮಗಳು ಗಂಟನ್ನು ಬಿಚ್ಚದೆಯೇ ವಾಪಸು ತಂದುಕೊಟ್ಟಳು. ಬೇರೆ ಮನೆಗಳ ಪಾತ್ರೆಗಳನ್ನು ಖಾಲಿ ಮಾಡಿ ತೊಳೆದು ಕಳಿಸಿದ್ದರು.

ಕೆಲಸ ಬಿಡಬೇಕೆಂದು ಎಷ್ಟೋ ಸಲ ಅನಿಸಿತು. ನಿಮ್ಮ ಅವ್ವನ ಓದು ನೋಡಿ ಬಿಡಲಿಲ್ಲ.

ಬೇಸಿಗೆಯಲ್ಲಿ ಗೆಳತಿ ತನ್ನ ತವರಿನ ಅಣ್ಣನನ್ನು ಕರೆದುಕೊಂಡು ಆಫೀಸಿಗೆ ಬಂದಳು. "ಸರ್ ಅದಾರೇನ್ರಿ?" ಎಂದು ಹೊರಗಿನವರನ್ನು ಕೇಳುವಂತೆ ಕೇಳಿದಳು. ಹೊರಗೆ ಕೂತರೆ ಅಣ್ಣನಿಗೂ ಒಳಗಿನ ಮಾತು ಕೇಳಿಸೀತೆಂದು, ಚಹಾ ಕುಡಿದು ಬಾ ಎಂದು ಕೆಳಗೆ ಕಳಿಸಿ, ಒಬ್ಬಳೇ ಒಳಗೆ ಹೋದಳು. ಗೋಡೆಯ ಆಚೆಯಿಂದ ಅವಳ ಮಾತು, ನಡುನಡುವೆ ಅಳು ಕೇಳಿಸಿತು. ಬಹಳ ಹೊತ್ತಾದ ಮೇಲೆ ಹೊರಬಂದು ನನ್ನ ಮೇಜಿನ ಮುಂದೆ ನಿಂತಳು.

"ನಾ ಒಳಗ ಏನು ಮಾತಾಡಿದೆ ಅಂತ ನಮ್ಮಣ್ಣ ನಿನ್ನ ಕೇಳ್ತಾನ," ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀ ಏನು ಹೇಳಂಗಿಲ್ಲ ಬಿಡು. ನನಗ ಗೊತ್ತೈತಿ."

ಕಠಡಾದ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಮುಂದೆ ಮಗಳ ಊರಿಗೆ ಹೋಗಿ ಅಲ್ಲೇ ಉಳಿದಳು. ಅಣ್ಣ ನಿಜಕ್ಕೂ ಬಂದು ಕೇಳಿದ, ಎರಡು ಸಲ. ಅವಳು ಒಳಗೆ ಏನು ಹೇಳಿ ಅತ್ತಳೆಂಬುದು ನನಗೆ ಈಗಲೂ ನೆನಪಿದೆ. ಅದನ್ನು ನಿಮಗೂ ಬರೆಯುವುದಿಲ್ಲ.