ಉಮಿನೆಕೊ ತಂಡದ ಹೊಡಿ-ಸಾನ್

ಭಾನುಮತಿ ದನಿಯೆತ್ತಿ ಮಾತಾಡಿದ್ದನ್ನು ಅವಳ ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ಮಿನಾಟೋದ ಒಂದು ಎತ್ತರದ ಕಟ್ಟಡದಲ್ಲಿ ಅವಳದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆಯವರು ಮಾಡಿದ ತಪ್ಪನ್ನು ಹುಡುಕಿ, ಅವರಿಗೆ ಬೇಸರವಾಗದ ಹಾಗೆ ಹೇಳಬೇಕು. ಮೈಸೂರಿನಲ್ಲಿದ್ದಾಗಲೂ ಮೆತ್ತಗಿನವಳೇ. ಜಪಾನಿಗೆ ಬಂದಮೇಲೆ ದನಿ ಇನ್ನಷ್ಟು ತಗ್ಗಿತು. ಇಚಿಕಾವಾದ ಬಾಡಿಗೆ ಮನೆಯ ಗೋಡೆ ತೆಳು ಎಂದು, ಕುಕ್ಕರ್ ಕೂಗುವ ಮೊದಲೇ ಓಡಿಹೋಗಿ ಉರಿ ಸಣ್ಣ ಮಾಡುತ್ತಿದ್ದಳು.

ಇಂಥವಳನ್ನು ಒಂದು ಚಳಿಗಾಲದ ಶನಿವಾರ ಸಹೋದ್ಯೋಗಿ ಹಿರೋಸೆ-ಸಾನ್ ಐಸ್ ಹಾಕಿ ಪಂದ್ಯ ನೋಡಲು ಕರೆದುಕೊಂಡು ಹೋದರು. ಕೊಲ್ಲಿಯ ದಂಡೆಯಲ್ಲಿ, ಗೋದಾಮುಗಳ ನಡುವೆ, ಮಂಜುಗಡ್ಡೆಯ ಅಂಗಳವಿರುವ ಒಂದು ಹಳೆಯ ರಿಂಕ್. ಅಲ್ಲಿಯ ತಂಡದ ಹೆಸರು ಉಮಿನೆಕೊ. ಬೆಕ್ಕಿನ ಹಾಗೆ ಕೂಗುವ ಒಂದು ಕಡಲಹಕ್ಕಿಯ ಹೆಸರದು. ಮೀನು, ಮಾಂಸವನ್ನು ತಣ್ಣಗಿಡುವ ಗೋದಾಮಿನ ಕಂಪನಿಯೊಂದು ತಂಡದ ಒಡೆಯ. ಭಾನುಮತಿಗೆ ಆಟ ಒಂದಿಷ್ಟೂ ತಿಳಿಯಲಿಲ್ಲ. ಕರಿ ಬಿಲ್ಲೆಯಂಥ ಪಕ್ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಅದು ಇನ್ನೆಲ್ಲೋ ಇರುತ್ತಿತ್ತು. ಮೊದಲ ಸಾಲಿನಲ್ಲಿ ನಡುಗುತ್ತ ಕೂತಿದ್ದವಳ ಮುಖದೆದುರಿನ ಗಾಜಿಗೆ ದಡಾರನೆ ಒಬ್ಬ ಆಟಗಾರ ಬಂದು ಅಪ್ಪಳಿಸಿದ. ತುಟಿ ಒಡೆದು ಹಲ್ಲೆಲ್ಲ ರಕ್ತ. ಎದ್ದವನು ಬೆಚ್ಚಿಬಿದ್ದಿದ್ದ ಇವಳನ್ನು ನೋಡಿ, ತಲೆಬಾಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ, ತನ್ನನ್ನು ದೂಡಿದವನ ಬೆನ್ನಟ್ಟಿದ. ಕ್ಷಮೆ ಕೇಳಿದ ಆ ಉಮಿನೆಕೊ ಆಟಗಾರನ ಹೆಸರು ಕುವಾಬಾರಾ.

"ಹೊಡಿ! ಹೊಡಿಯೋ ಅವನಿಗೆ!" ಎಂದು ಕಿರುಚಿದ್ದು ತಾನೇ ಎಂದು ತಿಳಿಯಲು ಭಾನುಮತಿಗೆ ಸ್ವಲ್ಪ ಹೊತ್ತು ಹಿಡಿಯಿತು. ಯಾರೂ ತಿರುಗಿ ದುರುಗುಟ್ಟಲಿಲ್ಲ. ಅಲ್ಲಿ ಎಲ್ಲರೂ ಕಿರುಚುತ್ತಿದ್ದರು.

ಮುಂದಿನ ಸೀಸನ್ನಿನ ಹೊತ್ತಿಗೆ ಅವಳು ಅಭಿಮಾನಿ ಬಳಗದಲ್ಲಿ ಒಬ್ಬಳಾಗಿದ್ದಳು. ಬಳಗದ ಮುಖಂಡ ಇಶಿಗುರೊ-ಸಾನ್, ನಿವೃತ್ತ ಬಸ್ ಚಾಲಕ, ಡ್ರಮ್ ಬಾರಿಸುವವರು. ಇವಳು ಕೂಗುವ ಪದದ ಅರ್ಥ ಕೇಳಿ ತಿಳಿದು, "ಡ್ರಮ್ಮಿಗೆ ಚೆನ್ನಾಗಿ ಕೂರುತ್ತೆ" ಎಂದು ಅದನ್ನೇ ಘೋಷಣೆ ಮಾಡಿಬಿಟ್ಟರು. ಆಮೇಲೆ ಕೊಲ್ಲಿಯ ದಂಡೆಯ ಆ ರಿಂಕಿನಲ್ಲಿ ನೂರಾರು ಜಪಾನೀಯರು ಕನ್ನಡದಲ್ಲಿ "ಹೊಡಿ! ಹೊಡಿ!" ಎಂದು ಕೂಗಿದರು. ಗೌರವದ 'ಸಾನ್' ಸೇರಿ ಅವಳ ಹೆಸರೇ ಹೊಡಿ-ಸಾನ್ ಆಯಿತು. ಗೋಲ್‌ಕೀಪರ್ ಒನೊಡೆರಾ ಪ್ರತಿ ಪಂದ್ಯ ಮುಗಿದಮೇಲೆ ಹೆಲ್ಮೆಟ್ ತೆಗೆದು, ಅವಳ ಕಡೆ ಕೋಲು ಎತ್ತಿ ತೋರಿಸಿ ನಗುತ್ತಿದ್ದ.

ಅವಳ ಗಂಡ ಬಾಲಸುಬ್ರಹ್ಮಣ್ಯ, ಎಲ್ಲರ ಬಾಯಲ್ಲಿ ಬಾಲು, ಒಂದು ಸಲ ಜೊತೆಗೆ ಹೋಗಿ ಕಿವಿ ಮುಚ್ಚಿಕೊಂಡು ಬಂದ.

"ಅಲ್ವೇ, ಮನೇಲಿ ನನ್ನ ಒಂದ್ಸಲಾನೂ ಗದರಿಸದೋಳು, ಅಲ್ಲಿ ಹೋಗಿ ಹೊಡಿ ಬಡಿ ಅಂತೀಯಲ್ಲೇ?"

"ಅದಕ್ಕೇ ರೀ, ಮನೇಲಿ ನೀವು ಸೇಫು."

ಕೊರೋನಾ ಬಂದಾಗ ಮೊದಲು ನಿಂತದ್ದು ಪಂದ್ಯಗಳು. ಎರಡು ಸಾವಿರದ ಇಪ್ಪತ್ತರ ಶರತ್ಕಾಲದಲ್ಲಿ ಮತ್ತೆ ಶುರುವಾದಾಗ ಅರ್ಧ ಕುರ್ಚಿಗಳಿಗೆ ಟೇಪು ಸುತ್ತಿತ್ತು. ಮಾಸ್ಕ್ ಹಾಕಿಕೊಂಡು ಚಪ್ಪಾಳೆ ತಟ್ಟಬಹುದು, ಬಾಯಿ ಬಿಡುವ ಹಾಗಿಲ್ಲ. ರಿಂಕ್ ಮೌನವಾಗಿರಬಾರದೆಂದು ತಂಡ ನಡೆಸುವ ಕ್ಲಬ್ಬಿನವರು ಹಳೆಯ ಪಂದ್ಯಗಳ ಕೂಗಾಟವನ್ನು ಸ್ಪೀಕರಿನಲ್ಲಿ ಹಾಕುತ್ತಿದ್ದರು. ಅದರಲ್ಲಿ ಭಾನುಮತಿಯ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ತನ್ನ ದನಿ ಗೋಡೆಯಿಂದ ಬರುವಾಗ ತಾನು ಬಾಯಿ ಮುಚ್ಚಿ ಕೂರುವುದು ಅವಳಿಗೆ ಹಿಂಸೆ. ಆದರೂ ಒಂದು ಪಂದ್ಯವನ್ನೂ ಬಿಡಲಿಲ್ಲ. ಮನೆಯಿಂದಲೇ ಆಫೀಸು, ಪರದೆಯಲ್ಲೇ ಊರಿನವರ ಮುಖ, ಊರಿನ ಗ್ರೂಪಿನಲ್ಲಿ ದಿನಕ್ಕೊಂದು ಸಾವಿನ ಸುದ್ದಿ. ಮನೆಯ ಹೊರಗೆ ಅವಳಿಗೆ ಉಳಿದದ್ದು ಆ ರಿಂಕ್ ಒಂದೇ.

ಆ ಜನವರಿಯಲ್ಲಿ ತಂಡ ಹೊರ ಊರಿನ ಪಂದ್ಯಕ್ಕೆ ಬಸ್ಸಿನಲ್ಲಿ ಹೊರಟಾಗ ಒನೊಡೆರಾಗೆ ಜ್ವರವಿತ್ತು. ಬರಲಾರೆ ಎಂದನಂತೆ, ಮ್ಯಾನೇಜರ್ ಮಾತ್ರೆ ಕೊಟ್ಟು ಹತ್ತಿಸಿದರಂತೆ. ಅರ್ಧ ತಂಡಕ್ಕೆ ಸೋಂಕು ತಗುಲಿತು. ಉಳಿದವರು ಸುಧಾರಿಸಿಕೊಂಡರು. ಒನೊಡೆರಾನ ಶ್ವಾಸಕೋಶ ಮೊದಲಿನಂತಾಗಲಿಲ್ಲ; ಮನೆಯ ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ವಸಂತದಲ್ಲಿ ಕ್ಲಬ್ ಅವನ ಕರಾರು ಮುಂದುವರಿಸಲಿಲ್ಲ. "ಇಷ್ಟು ವರ್ಷಗಳ ಸೇವೆಗೆ ಧನ್ಯವಾದ" ಎಂಬ ಒಂದು ಸಾಲಿನ ಪ್ರಕಟಣೆ ಬಂತು.

ಬೇಸಿಗೆಯಲ್ಲಿ ಆಟಗಾರರು ಕುವಾಬಾರಾನ ಮುಂದಾಳತ್ವದಲ್ಲಿ ಸಂಘ ಕಟ್ಟಿದರು. ಅವರು ಕೇಳಿದ್ದು ದೊಡ್ಡದೇನಲ್ಲ. ಪಂದ್ಯಕ್ಕೆ ಮುಂಚೆ ಎಲ್ಲರಿಗೂ ಪರೀಕ್ಷೆ ಆಗಬೇಕು, ಕಾಯಿಲೆ ಬಿದ್ದವನನ್ನು ಕೈಬಿಡಬಾರದು, ಒನೊಡೆರಾನ ಹೊಣೆಯನ್ನು ಕ್ಲಬ್ ಹೊರಬೇಕು. ಕ್ಲಬ್ ಒಪ್ಪಲಿಲ್ಲ. ಮಾತುಕತೆ ಎಳೆಯುತ್ತ ಹೋಯಿತು. ಭಾನುಮತಿ ಸುದ್ದಿ ಓದುತ್ತಿದ್ದಳು, ಆದರೆ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೊನೆಗೆ ಹೇಗೋ ಸರಿಹೋಗುತ್ತದೆ, ಅಕ್ಟೋಬರಿಗೆ ಆಟ ಶುರುವಾಗುತ್ತದೆ ಎಂದು ನಂಬಿದ್ದಳು.

ಅಕ್ಟೋಬರ್ ಬಂತು. ಕೊರೋನಾದ ತುರ್ತುಸ್ಥಿತಿ ಮುಗಿದಿತ್ತು, ಅವಳ ಎರಡನೇ ಲಸಿಕೆಯೂ ಆಗಿತ್ತು. ಮೊದಲ ಪಂದ್ಯದ ದಿನ ತಂಡದ ಕಿತ್ತಳೆ ಬಣ್ಣದ ಜರ್ಸಿ ಇಸ್ತ್ರಿ ಮಾಡಿ ತೊಟ್ಟು ಹೋದಳು. ರಿಂಕಿನ ಬಾಗಿಲು ಹಾಕಿತ್ತು. ಆಟಗಾರರು ಐಸಿಗೆ ಇಳಿಯಲು ಒಪ್ಪಿಲ್ಲ, ಪಂದ್ಯ ರದ್ದು ಎಂದು ಸಿಬ್ಬಂದಿ ಸಾಲುಗಟ್ಟಿ ನಿಂತು ಬಾಗಿ ಬಾಗಿ ಹೇಳುತ್ತಿದ್ದರು. ಹಿಂದಿನ ದಿನವೇ ಕ್ಲಬ್ಬಿನವರಿಗೆ ಗೊತ್ತಿತ್ತೆಂದು ಆಮೇಲೆ ತಿಳಿಯಿತು. ಆದರೆ ಅಷ್ಟು ಜನ ಬಾಗಿಲ ಮುಂದೆ ಪೆಚ್ಚಾಗಿ ನಿಲ್ಲುವುದು ಅವರಿಗೆ ಬೇಕಿತ್ತು. ಕ್ಯಾಮೆರಾ ಸಿದ್ಧವಾಗಿತ್ತು.

ಕ್ಲಬ್ಬಿನ ಪ್ರಚಾರ ವಿಭಾಗದ ಸೆಗಾವಾ-ಸಾನ್ ಮೈಕ್ ಹಿಡಿದು ನೇರ ಅವಳ ಬಳಿಗೆ ಬಂದರು. "ಹೊಡಿ-ಸಾನ್, ನಿಮಗೆ ಈಗ ಏನನ್ನಿಸ್ತಿದೆ?"

ಭಾನುಮತಿ ತನಗೆ ಬರುವ ಜಪಾನಿಯಲ್ಲಿ ಹೇಳಿದಳು: "ನಾನು ಎರಡು ವರ್ಷ ಬಾಯಿ ಮುಚ್ಚಿಕೊಂಡು ಕಾದೆ. ನಮ್ಮ ಕಡೆ ಜನ ಸಾಯ್ತಿದ್ದಾಗ ನಂಗೆ ಇದೊಂದೇ ಆಸರೆ ಇತ್ತು. ಆಟಗಾರರು ನಮ್ಮನ್ನ ಮರೆತುಬಿಟ್ರಾ?" ಅಳು ಬಂತು. ಅಳುತ್ತಲೇ, "ಒನೊಡೆರಾ-ಸಾನ್ ಹೇಗಿದ್ದಾರೆ? ಅವರಿಗೆ ನೀವು ಹಾಗೆ ಮಾಡಬಾರದಿತ್ತು" ಎಂದೂ ಸೇರಿಸಿದಳು.

ಸಂಜೆಗೆ ವಿಡಿಯೊ ಬಂತು. 'ಮರೆತುಬಿಟ್ರಾ' ಎಂಬಲ್ಲಿಗೆ ಅವಳ ಮಾತು ಮುಗಿಯುತ್ತಿತ್ತು. ಮೇಲೆ ದೊಡ್ಡ ಅಕ್ಷರದಲ್ಲಿ, 'ಭಾರತದಿಂದ ಬಂದ ಅಭಿಮಾನಿಯ ಕಣ್ಣೀರು'. ಹಿನ್ನೆಲೆಗೆ ಪಿಯಾನೊ.

ನಿಜ ಹೇಳಬೇಕೆಂದರೆ ಮೊದಲ ಎರಡು ದಿನ ಅವಳಿಗೆ ಹೆಮ್ಮೆಯೇ ಆಯಿತು. ಕತ್ತರಿಸಿದ್ದು ಗೊತ್ತಾಗಿಯೂ, ಹೇಳಿದ್ದನ್ನು ಜನ ಕೇಳಿದರಲ್ಲ ಎಂಬ ಸಮಾಧಾನ. ಹಿರೋಸೆ-ಸಾನ್ ಮೆಚ್ಚಿ ಮೆಸೇಜ್ ಹಾಕಿದರು. ಮೈಸೂರಿನ ಅತ್ತಿಗೆ ಶಾರದಾ ಅದನ್ನು ನಾಲ್ಕು ಗ್ರೂಪಿಗೆ ಕಳಿಸಿದಳು. ಮೂರನೇ ದಿನ ಬಾಲು ವಿಡಿಯೊದ ಕೆಳಗಿನ ಕಾಮೆಂಟುಗಳನ್ನು ಓದಲು ಕೂತ.

"ಭಾನು, ಇಲ್ಲಿ ನೋಡೇ. ನಿನ್ನ ಹೆಸರಲ್ಲಿ ಆ ಹುಡುಗರಿಗೆ ಉಗೀತಾ ಇದ್ದಾರೆ. 'ಪರದೇಶದ ಹೆಂಗಸಿಗಿರೋ ನಿಷ್ಠೆ ನಿಮಗಿಲ್ವಾ' ಅಂತೆ. ಕುವಾಬಾರಾನ ಮನೆ ಅಡ್ರೆಸ್ ಹಾಕಿದಾನೆ ಒಬ್ಬ."

ಅವಳು ಮರುದಿನವೇ ಕ್ಲಬ್ಬಿನ ಕಚೇರಿಗೆ ಹೋದಳು. ಸೆಗಾವಾ-ಸಾನ್ ಕೂರಿಸಿ ಚಹಾ ಕೊಟ್ಟರು. ವಿಡಿಯೊ ತೆಗೆಯಿರಿ, ಇಲ್ಲವೇ ಪೂರ್ತಿ ಹಾಕಿ ಎಂದಳು.

"ಸಮಯದ ಮಿತಿ ಇತ್ತು, ಹಾಗಾಗಿ ಚಿಕ್ಕದು ಮಾಡಿದ್ವಿ. ಆದ್ರೆ ಅದರಲ್ಲಿರೋ ಮಾತು ನಿಮ್ಮದೇ ಅಲ್ವಾ? ನಾವು ಒಂದಕ್ಷರ ಸೇರಿಸಿಲ್ಲ," ಎಂದರು. ಪರಿಶೀಲಿಸುತ್ತೇವೆ ಎಂದು ಲಿಫ್ಟಿನ ತನಕ ಬಂದು, ಬಾಗಿಲು ಮುಚ್ಚುವವರೆಗೂ ಬಾಗಿಯೇ ಇದ್ದರು. ಜಪಾನಿನಲ್ಲಿ ಇಷ್ಟು ವರ್ಷ ಇದ್ದವಳಿಗೆ 'ಪರಿಶೀಲಿಸುತ್ತೇವೆ' ಅಂದರೆ ಏನೆಂದು ಗೊತ್ತಿತ್ತು. ವಿಡಿಯೊ ಅಲ್ಲೇ ಉಳಿಯಿತು.

ಆಟಗಾರರು ಭಾನುವಾರಗಳಂದು ಸ್ಟೇಷನ್ನಿನ ಮುಂದೆ ನಿಂತು ಕರಪತ್ರ ಹಂಚುತ್ತಿದ್ದರು. ಭಾನುಮತಿ ಅಲ್ಲಿಗೆ ಹೋದಳು. ಪ್ಯಾಡುಗಳಿಲ್ಲದ ಕುವಾಬಾರಾ ಅಷ್ಟೇನೂ ದೊಡ್ಡ ಆಳಾಗಿರಲಿಲ್ಲ. ಅವಳನ್ನು ಕಂಡವನೇ ಸೊಂಟದವರೆಗೆ ಬಾಗಿದ.

"ನಿಮ್ಮನ್ನ ಕಾಯಿಸಿದ್ದಕ್ಕೆ ಕ್ಷಮಿಸಿ."

"ನೀವು ಕ್ಷಮೆ ಕೇಳಬೇಡಿ ದಯವಿಟ್ಟು. ನಾನು ಒನೊಡೆರಾ-ಸಾನ್ ಬಗ್ಗೆಯೂ ಮಾತಾಡಿದ್ದೆ. ಅವರು ಅದನ್ನ ಕತ್ತರಿಸಿದ್ದಾರೆ."

ಕುವಾಬಾರಾ ಹೇಳಿದ. "ಒನೊಡೆರಾ ಆ ವಿಡಿಯೊ ನೋಡಿದ. ನೋಡಿ ನಮಗೆಲ್ಲ ಫೋನ್ ಮಾಡಿದ. 'ಹೊಡಿ-ಸಾನ್ ಅಳ್ತಿದಾರೆ, ನನ್ನೊಬ್ಬನಿಗೋಸ್ಕರ ಯಾಕಿಷ್ಟು, ಹೋಗಿ ಆಡಿ' ಅಂದ. ಒಂದು ವಾಕ್ಯ ಮಾತಾಡೋಕೆ ಎರಡು ಸಲ ಉಸಿರು ತಗೋತಾನೆ. ಅಂಥವನು ಹಾಗಂದ ಮೇಲೆ ನಮ್ಮಲ್ಲಿ ಅರ್ಧ ಜನಕ್ಕೆ ಗಟ್ಟಿ ನಿಲ್ಲೋಕೆ ಆಗ್ತಿಲ್ಲ."

ಭಾನುಮತಿ ಅವನ ಕೈಯಲ್ಲಿದ್ದ ಕರಪತ್ರಗಳಲ್ಲಿ ಒಂದಿಷ್ಟು ಕೇಳಿ ತೆಗೆದುಕೊಂಡು ಅವನ ಪಕ್ಕದಲ್ಲೇ ನಿಂತು ಹಂಚಿದಳು. ಕಿತ್ತಳೆ ಜರ್ಸಿಯ ಮೂವರು ಅಭಿಮಾನಿಗಳು ಅವಳನ್ನು ಗುರುತಿಸಿ, ಕರಪತ್ರ ತೆಗೆದುಕೊಳ್ಳದೆ ಮುಂದೆ ಹೋದರು.

ಡಿಸೆಂಬರಿನಲ್ಲಿ ಮುಷ್ಕರ ಮುರಿಯಿತು. ಕೇಳಿದ್ದರಲ್ಲಿ ಸಿಕ್ಕಿದ್ದು ಪಂದ್ಯಕ್ಕೆ ಮುಂಚಿನ ಪರೀಕ್ಷೆ ಮಾತ್ರ. ಒನೊಡೆರಾನ ವಿಷಯಕ್ಕೆ ಕ್ಲಬ್ಬಿನವರು 'ಮುಗಿದ ಅಧ್ಯಾಯ' ಎಂದರು. ಕುವಾಬಾರಾ ತಂಡಕ್ಕೆ ಮರಳದೆ ದೂರದ ಉತ್ತರದ ಹೊಕ್ಕೈಡೊದಲ್ಲಿ ಅಣ್ಣನ ಮೀನುದೋಣಿಗೆ ಸೇರಿಕೊಂಡ. ಮರುಪ್ರಾರಂಭದ ಪಂದ್ಯದಲ್ಲಿ ಅಭಿಮಾನಿಗಳ ಪರವಾಗಿ ಮೊದಲ ಪಕ್ ಐಸಿನ ಮೇಲೆ ಬಿಟ್ಟು ಆಟ ಶುರುಮಾಡಲು ಬನ್ನಿ ಎಂದು ಸೆಗಾವಾ-ಸಾನ್ ಭಾನುಮತಿಗೆ ಫೋನ್ ಮಾಡಿದರು. ಅವಳು ಒಲ್ಲೆ ಎಂದಳು. ಆದರೆ ಪಂದ್ಯಕ್ಕೆ ಹೋದಳು, ಒಂದು ಬಿಳಿ ದುಪ್ಪಟಿಯ ಮೇಲೆ ಒನೊಡೆರಾನ ಹೆಸರನ್ನೂ ಅವನ ಜರ್ಸಿಯ ಸಂಖ್ಯೆಯನ್ನೂ ಬರೆದುಕೊಂಡು.

ಆಟ ಶುರುವಾದೊಡನೆ ಅದನ್ನು ಬಿಡಿಸಿ ಹಿಡಿದಳು. ಅನುಮತಿಯಿಲ್ಲದ ಬ್ಯಾನರ್ ಹಿಡಿಯುವಂತಿಲ್ಲ ಎಂದು ಸಿಬ್ಬಂದಿ ಓಡಿಬಂದರು. ಅವಳು ಮಡಚಲಿಲ್ಲ. ಆಗ ಇಶಿಗುರೊ-ಸಾನ್ ಡ್ರಮ್ ಬಿಟ್ಟು ಎದ್ದು ಬಂದರು. ಎಷ್ಟೋ ಚಳಿಗಾಲ ತಮ್ಮ ಫ್ಲಾಸ್ಕಿನಿಂದ ಅವಳಿಗೆ ಚಹಾ ಬಗ್ಗಿಸಿ ಕೊಟ್ಟವರು.

"ಭಾನು-ಸಾನ್, ಇವತ್ತೊಂದು ದಿನ ಬೇಡ. ಎಷ್ಟು ಕಷ್ಟಪಟ್ಟು ಆಟ ವಾಪಸ್ ಬಂದಿದೆ."

"ಇಶಿಗುರೊ-ಸಾನ್, ಒನೊಡೆರಾ-ಸಾನ್ ನಮಗೋಸ್ಕರ ಇಪ್ಪತ್ತು ವರ್ಷ ಐಸಿನ ಮೇಲೆ ಬಿದ್ದವರು. ಹೆಸರೊಂದನ್ನೂ ಹಿಡಿಯಬಾರದಾ?"

"ಆ ಹುಡುಗರು ಸ್ವಲ್ಪ ತಾಳ್ಮೆ ತಗೊಂಡಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ. ನೀವೇ ಅತ್ತು ಹೇಳಿದ್ರಲ್ಲ, ಮರೆತುಬಿಟ್ರಾ ಅಂತ."

ಅವಳು ಸುತ್ತ ನೋಡಿದಳು. ಬಳಗದವರೆಲ್ಲ ಮಾಸ್ಕಿನ ಮೇಲಿನ ಕಣ್ಣುಗಳನ್ನು ಐಸಿನ ಮೇಲೆ ನೆಟ್ಟಿದ್ದರು. ಸ್ಪೀಕರಿನಲ್ಲಿ ಹಳೆಯ ಕೂಗಾಟ ಬರುತ್ತಿತ್ತು. ಅವಳು ದುಪ್ಪಟಿಯನ್ನು ಸುತ್ತಿಕೊಂಡು ಹೊರಗೆ ನಡೆದಳು. ಮತ್ತೆ ಆ ರಿಂಕಿಗೆ ಹೋಗಲಿಲ್ಲ.

ಹೋಗಬೇಕೆಂದರೂ ಮುಂದೆ ಏನೂ ಉಳಿಯಲಿಲ್ಲ. ಮಾರ್ಚಿನಲ್ಲಿ ಗೋದಾಮಿನ ಕಂಪನಿ ತಂಡವನ್ನೇ ಮುಚ್ಚಿತು. ಸಾಂಕ್ರಾಮಿಕದಿಂದಾಗಿ ಅನಿವಾರ್ಯ ಎಂದಿತು. ಈ ನಿರ್ಧಾರ ಹಿಂದಿನ ಬೇಸಿಗೆಯಲ್ಲೇ ಆಗಿತ್ತು ಎಂದು ಒಂದು ಪತ್ರಿಕೆ ಬರೆಯಿತು. ಅಂದರೆ ಆಟಗಾರರು ಬೇಡಿಕೆ ಇಟ್ಟಾಗ, ಅಭಿಮಾನಿಗಳು ಬಾಗಿಲಲ್ಲಿ ಅತ್ತಾಗ, ಈ ಅಭಿಮಾನಿಗಳನ್ನು ಆಟಗಾರರ ಮೇಲೆ ಛೂ ಬಿಟ್ಟಾಗ, ತಂಡ ಮುಚ್ಚುವುದೆಂದು ಮಾಲೀಕರಿಗೆ ತಿಳಿದೇ ಇತ್ತು. ಅದನ್ನು ಓದಿದ ದಿನ ಭಾನುಮತಿ ಮನೆಯಲ್ಲಿ ಮೊದಲ ಸಲ ಕಿರುಚಿದಳು. ಪದವಲ್ಲ, ಬರೀ ಕಿರುಚಾಟ. ಬಾಲು ಅಡುಗೆಮನೆಯಿಂದ ಓಡಿಬಂದು ಅವಳ ಪಕ್ಕ ನೆಲದ ಮೇಲೆ ಕೂತ.

ಏಪ್ರಿಲಿನಲ್ಲಿ ಅವಳು ಕೊಬ್ಬರಿ ಮಿಠಾಯಿ ಮಾಡಿ ಡಬ್ಬಿಗೆ ಹಾಕಿಕೊಂಡು, ವಿಳಾಸ ಕೇಳಿ ತಿಳಿದು ಒನೊಡೆರಾನ ಮನೆಗೆ ಹೋದಳು. ಬಾಗಿಲು ತೆರೆದದ್ದು ಅವನ ಹೆಂಡತಿ. ಮಲಗಿದ್ದಾರೆ, ಮಾತಾಡಿದರೆ ಆಯಾಸವಾಗುತ್ತದೆ ಎಂದರು. ಒಳಗೆ ಎಲ್ಲೋ ಕೆಮ್ಮು ಕೇಳಿಸಿತು.

"ನಾನು... ಆ ವಿಡಿಯೊದಲ್ಲಿ..." ಎಂದು ಭಾನುಮತಿ ಶುರುಮಾಡಿದಳು.

"ಗೊತ್ತು. ದೂರದಿಂದ ಬಂದಿದ್ದೀರಿ. ಅರಿಗಾತೋ ಗೊಜಾಯಿಮಾಸು," ಎಂದು ಧನ್ಯವಾದ ಹೇಳಿ, ಎರಡೂ ಕೈಯಿಂದ ಡಬ್ಬಿ ತೆಗೆದುಕೊಂಡು, ಬಾಗಿ ನಮಸ್ಕರಿಸಿ, ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡರು.

ಮುಂದಿನ ವಾರ ಕೊರಿಯರಿನಲ್ಲಿ ಒಂದು ಪೆಟ್ಟಿಗೆ ಬಂತು. ದೊಡ್ಡ ಅಂಗಡಿಯ ಬಿಸ್ಕತ್ತು, ಚಂದದ ಕಾಗದ ಸುತ್ತಿತ್ತು. ತೊಳೆದು ಒರೆಸಿದ ಅವಳ ಡಬ್ಬಿಯೂ ಜೊತೆಗಿತ್ತು. ಒಂದು ಮಾತೂ ಬರೆದಿರಲಿಲ್ಲ. ಉಡುಗೊರೆ ಕೊಟ್ಟವರಿಗೆ ಅದಕ್ಕೆ ಸಮನಾದದ್ದನ್ನು ಮರಳಿಸುವುದು ಅಲ್ಲಿಯ ಪದ್ಧತಿ. ಅದರಲ್ಲಿ ಸಿಟ್ಟಿರಬೇಕೆಂದಿಲ್ಲ. ಇಲ್ಲವೆಂದು ಹೇಳಲೂ ಆಗುವುದಿಲ್ಲ.

ಬಾಲು ಒಂದು ಬಿಸ್ಕತ್ತು ತಿಂದು, "ಚೆನ್ನಾಗಿದೆ ಕಣೇ, ತಗೋ" ಎಂದ. ಅವಳು ಬೇಡವೆಂದು ತಲೆಯಾಡಿಸಿ, ಲ್ಯಾಪ್‌ಟಾಪ್ ತೆರೆದು ಆಫೀಸಿನ ಕೆಲಸಕ್ಕೆ ಕೂತಳು.